ಮೊಳೆ ಅಂಗಡಿಯ ಕೋವಿ

ಅಮೆರಿಕದ ಟೆನ್ನೆಸ್ಸಿಯ ಹಳ್ಳಿಮನೆಯೊಂದರ ಅಟ್ಟದಲ್ಲಿ ಮುತ್ತಜ್ಜನ ಕಾಲದ ಜೋಡುನಳಿಗೆ ಕೋವಿ ಸಿಕ್ಕಿತು ಎಂದುಕೊಳ್ಳಿ. ಧೂಳು ಒರೆಸಿದರೆ ಪಕ್ಕದ ತಗಡಿನ ಮೇಲೆ ‘ಹರ್ಮಿಟೇಜ್’ ಎಂದು ಕೊರೆದಿದೆ. ಮನೆಯವರು ಹರ್ಮಿಟೇಜ್ ಎಂಬ ಕಾರ್ಖಾನೆಯನ್ನು ಹುಡುಕಲು ಹೊರಡುತ್ತಾರೆ. ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ, ಏಕೆಂದರೆ ಆ ಹೆಸರಿನ ಕೋವಿ ಕಾರ್ಖಾನೆಯೇ ಇರಲಿಲ್ಲ. ಅದು ನ್ಯಾಶ್‌ವಿಲ್‌ನ ಗ್ರೇ ಅಂಡ್ ಡಡ್ಲಿ ಎಂಬ ಹಾರ್ಡ್‌ವೇರ್ ಸಗಟು ವ್ಯಾಪಾರಿಗಳು ಹಾಕಿಸಿಕೊಂಡ ಹೆಸರು. ಅವರ ಊರಿನ ಹತ್ತಿರವೇ ಇರುವ, ಅಧ್ಯಕ್ಷ ಆಂಡ್ರೂ ಜಾಕ್ಸನ್ ವಾಸವಿದ್ದ ಎಸ್ಟೇಟಿಗೆ ಹರ್ಮಿಟೇಜ್ ಎಂದು ಹೆಸರು. ಸ್ಥಳೀಯ ಗಿರಾಕಿಗೆ ಅದಕ್ಕಿಂತ ನಂಬಿಕೆಯ ಹೆಸರು ಬೇಕೆ? ಕೋವಿ ತಯಾರಾದದ್ದು ಮಾತ್ರ ದೂರದ ಕನೆಕ್ಟಿಕಟ್ ರಾಜ್ಯದ ನಾರ್ವಿಚ್‌ನಲ್ಲಿ, ಕ್ರೆಸೆಂಟ್ ಫೈರ್ ಆರ್ಮ್ಸ್ ಕಂಪನಿಯಲ್ಲಿ.

1880ರಿಂದ 1930ರ ತನಕ ಅಮೆರಿಕದ ರೈತ ಕೋವಿ ಕೊಳ್ಳಲು ಕೋವಿಯಂಗಡಿಗೇ ಹೋಗಬೇಕೆಂದಿರಲಿಲ್ಲ. ಮೊಳೆ, ಮುಳ್ಳುತಂತಿ, ನೇಗಿಲು, ಲಾಟೀನು ಎಲ್ಲ ಸಿಗುತ್ತಿದ್ದ ಹಾರ್ಡ್‌ವೇರ್ ಅಂಗಡಿಯಲ್ಲೇ ಕೋವಿಯೂ ತೋಟಾವೂ ಸಿಗುತ್ತಿದ್ದವು. ಆ ಅಂಗಡಿಗಳಿಗೆ ಮಾಲು ಒದಗಿಸುತ್ತಿದ್ದವರು ದೊಡ್ಡ ಸಗಟು ಸಂಸ್ಥೆಗಳು: ಷಿಕಾಗೋದ ಹಿಬ್ಬರ್ಡ್ ಸ್ಪೆನ್ಸರ್ ಬಾರ್ಟ್‌ಲೆಟ್, ಸೇಂಟ್ ಲೂಯಿಸ್‌ನ ಸಿಮನ್ಸ್ ಮತ್ತು ಶಾಪ್ಲೀ, ಲೂಯಿವಿಲ್‌ನ ಬೆಲ್‌ನ್ಯಾಪ್. ಇವರ ಮಾರಾಟಗಾರರು ಕ್ಯಾಟಲಾಗ್ ಹೊತ್ತು ರೈಲಿನಲ್ಲಿ, ಕುದುರೆಗಾಡಿಯಲ್ಲಿ ಊರೂರು ಸುತ್ತಿ ಆರ್ಡರ್ ಹಿಡಿಯುತ್ತಿದ್ದರು. ಸಿಮನ್ಸ್ ಪರವಾಗಿ ಹಾಗೆ ಸುತ್ತಿ ಮುಂದೆ ಶಾಪ್ಲೀ ಸಂಸ್ಥೆಯ ಮುಖ್ಯಸ್ಥರಾದ ಸಾಂಡರ್ಸ್ ನಾರ್ವೆಲ್ ತಮ್ಮ ವ್ಯಾಪಾರದ ಬದುಕನ್ನು 1924ರಲ್ಲಿ ಪುಸ್ತಕವಾಗಿ ಬರೆದರು.

ಒಂದೇ ಕೋವಿಗೆ ಇಷ್ಟೊಂದು ಹೆಸರು ಏಕೆ? ಒಂದೇ ಊರಿನ ಎರಡು ಅಂಗಡಿಗಳಲ್ಲಿ ಒಂದೇ ಹೆಸರಿನ ಕೋವಿ ಇದ್ದರೆ ಗಿರಾಕಿ ಬೆಲೆ ತಾಳೆ ನೋಡುತ್ತಾನೆ. ಹೆಸರು ಬೇರೆಯಾದರೆ ಆ ತಲೆನೋವಿಲ್ಲ. ಹೀಗಾಗಿ ಕ್ರೆಸೆಂಟ್‌ನವರು ಕೇಳಿದವರಿಗೆ ಕೇಳಿದ ಹೆಸರು ಕೊರೆದುಕೊಟ್ಟರು. ರಿಚ್‌ಮಂಡ್‌ನ ವ್ಯಾಪಾರಿಗೆ ‘ವರ್ಜೀನಿಯಾ ಆರ್ಮ್ಸ್’, ಡೆಟ್ರಾಯಿಟ್‌ನವರಿಗೆ ‘ವುಲ್ವರೀನ್’. ಹಿಬ್ಬರ್ಡ್‌ನವರ ‘ರೆವ್-ಓ-ನಾಕ್’ ನನಗೆ ಎಲ್ಲಕ್ಕಿಂತ ಇಷ್ಟ. ಯಾವುದೋ ರಷ್ಯನ್ ಹೆಸರಿನಂತೆ ಕೇಳಿಸುತ್ತದಲ್ಲ? ಅದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ‘ಕಾನೋವರ್’, ಆ ಸಂಸ್ಥೆಯ ಮುಖ್ಯಸ್ಥರ ಮನೆತನದ ಹೆಸರು.

ಇದು ಮುಗ್ಧ ತಮಾಷೆ. ಬೆಲ್ಜಿಯಂನಿಂದ ಬಂದ ಅಗ್ಗದ ಕೋವಿಗಳ ಮೇಲಿನ ಹೆಸರುಗಳು ಅಷ್ಟು ಮುಗ್ಧವಲ್ಲ. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್‌ಲಿ ರಿಚರ್ಡ್ಸ್ ಹೆಸರುವಾಸಿ ತಯಾರಕರು. ಈ ಬೆಲ್ಜಿಯಂ ಕೋವಿಗಳ ಮೇಲೆ ಬರೀ ‘ಡಬ್ಲ್ಯು. ರಿಚರ್ಡ್ಸ್’. ಲಂಡನ್ನಿನ ಜೋಸೆಫ್ ಮ್ಯಾಂಟನ್ 1835ರಲ್ಲೇ ತೀರಿಕೊಂಡಿದ್ದರೂ ‘ಜೆ. ಮ್ಯಾಂಟನ್’ ಕೋವಿಗಳು ಆ ಶತಮಾನದ ಕೊನೆಯವರೆಗೂ ಹಡಗಿಳಿದವು.

ಹಾಗಾಗಿ ಪತ್ತೆ ಮಾಡುವವರು ಕೊರೆದ ಹೆಸರನ್ನು ಮೊದಲಿಗೆ ನಂಬುವುದಿಲ್ಲ. ಮುಂಭಾಗದ ಮರದ ಹಿಡಿ ಕಳಚಿ, ಕೋವಿಯನ್ನು ಮಡಿಸಿ, ನಳಿಗೆಯನ್ನು ಬೇರ್ಪಡಿಸುತ್ತಾರೆ. ತೋಟಾ ಕೂರುವ ತುದಿಯಲ್ಲಿ ನಳಿಗೆಯ ತಳ ಚಪ್ಪಟೆಯಾಗಿರುತ್ತದೆ. ನಿಜವಾದ ಜಾತಕ ಇರುವುದು ಅಲ್ಲಿ. ಎಣ್ಣೆಬಟ್ಟೆಯಲ್ಲಿ ಕಿಟ್ಟ ಒರೆಸಿ, ಮಾಸಿದ ಅಚ್ಚಿನೊಳಗೆ ಸೀಮೆಸುಣ್ಣ ಉಜ್ಜಿದರೆ ಅಕ್ಷರ ಎದ್ದು ಕಾಣುತ್ತದೆ. ಮೊಟ್ಟೆಯಾಕಾರದ ಗೆರೆಯೊಳಗೆ ‘ಇಎಲ್‌ಜಿ’ ಎಂಬ ಮೂರು ಅಕ್ಷರ, ಕೆಳಗೊಂದು ಪುಟ್ಟ ನಕ್ಷತ್ರ ಕಂಡರೆ ಅದು ಬೆಲ್ಜಿಯಂನ ಲೀಜ್ ಪಟ್ಟಣದ ಸರ್ಕಾರಿ ಪರೀಕ್ಷಾಲಯದ ಮುದ್ರೆ. ಅದರ ತಲೆಯ ಮೇಲೆ ಕಿರೀಟವೂ ಇದ್ದರೆ 1893ರ ನಂತರದ್ದು. ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷಾಲಯವೇ ಇರಲಿಲ್ಲ. ಆದ್ದರಿಂದ ಕ್ರೆಸೆಂಟ್ ಕೋವಿಯ ತಳದಲ್ಲಿ ಇಂಥ ಮುದ್ರೆ ಹುಡುಕಿ ಪ್ರಯೋಜನವಿಲ್ಲ. ಹೊರದೇಶದ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕೆಂದು 1890ರ ಮೆಕಿನ್ಲಿ ಸುಂಕದ ಕಾಯ್ದೆ ವಿಧಿಸಿತು. ಹಾಗಾಗಿ ‘ಬೆಲ್ಜಿಯಂ’ ಎಂದು ಬರೆದಿದ್ದರೆ ಕೋವಿ ಅದರ ಈಚಿನದಿರಬೇಕು.

ನಳಿಗೆಯ ಮೈಮೇಲೆ ಸುರುಳಿ ಸುರುಳಿ ಚಿತ್ತಾರವಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದ ದಮಾಸ್ಕಸ್ ನಳಿಗೆ. ಅಗ್ಗದ ಕೋವಿಗಳಲ್ಲಿ ಸಾದಾ ಉಕ್ಕಿನ ಮೇಲೆ ಬರೀ ಚಿತ್ತಾರ ಮೂಡಿಸಿ ಕಣ್ಣಿಗೆ ಮಣ್ಣೆರಚಿದ್ದೂ ಉಂಟು. ಎರಡರಲ್ಲಿ ಯಾವುದಾದರೂ ಸರಿ, ಅದಕ್ಕೆ ಈಗಿನ ತೋಟಾ ಹಾಕಿ ನೋಡುವುದು ಹುಚ್ಚಾಟ. ಕರಿಮದ್ದಿನ ಕಾಲದ ನಳಿಗೆ, ಮೇಲೆ ನೂರು ವರ್ಷದ ತುಕ್ಕು. 16 ಬೋರಿನವುಗಳಲ್ಲಿ ತೋಟಾ ಕೂರುವ ಜಾಗವೂ ಎಷ್ಟೋ ಸಲ ಈಗಿನ ತೋಟಾಕ್ಕಿಂತ ಗಿಡ್ಡ.

ನಂಬರ್ ನೋಡಿದರೆ ಆಗದೇ ಎಂದು ಮಲೆನಾಡಿನವರು ಕೇಳಿಯಾರು. ನಮ್ಮಲ್ಲಿ ಲೈಸೆನ್ಸ್ ಪುಸ್ತಕದಲ್ಲಿ ಕೋವಿಯ ನಂಬರ್ ಇರಲೇಬೇಕು. ಚುನಾವಣೆ ಬಂದಾಗ ಸ್ಟೇಷನ್ನಿಗೆ ಜಮಾ ಮಾಡುವಾಗ ಅದನ್ನೇ ತಾಳೆ ನೋಡುತ್ತಾರೆ. ಅಮೆರಿಕದಲ್ಲಿ ಪ್ರತಿ ಕೋವಿಗೂ ನಂಬರ್ ಕಡ್ಡಾಯವಾದದ್ದು 1968ರ ಕಾಯ್ದೆಯಿಂದ. ಅದಕ್ಕೆ ಮೊದಲಿನ ಅಗ್ಗದ ಕೋವಿಗಳಲ್ಲಿ ಎಷ್ಟಕ್ಕೋ ನಂಬರೇ ಇಲ್ಲ. ಅದೇ ಕಾಯ್ದೆಯ ಪ್ರಕಾರ 1898ರವರೆಗೆ ತಯಾರಾದದ್ದು ‘ಪುರಾತನ’, ಮರುವರ್ಷದ್ದು ಮಾಮೂಲಿ ಬಂದೂಕು. ಕ್ರೆಸೆಂಟ್ ಶುರುವಾದದ್ದು 1892ರಲ್ಲಿ, ಮುಗಿದದ್ದು 1930ರ ದಶಕದ ಆರಂಭದಲ್ಲಿ. ಆ ಗೆರೆಯ ಎರಡೂ ಕಡೆ ಅದರ ಕೋವಿಗಳಿವೆ. ವರ್ಷಕ್ಕಾಗಿ ಜನ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಆಗ ನೆರವಿಗೆ ಬರುವುದು ಅಂಗಡಿಯ ಚರಿತ್ರೆ. ಸಗಟು ಸಂಸ್ಥೆಗಳು ಪಾಲುದಾರರು ಬದಲಾದಂತೆ ಹೆಸರು ಬದಲಿಸುತ್ತಿದ್ದವು. ‘ನಾರ್ವೆಲ್-ಶಾಪ್ಲೀ’ ಎಂದಿದ್ದರೆ ಕೋವಿ 20ನೇ ಶತಮಾನದ ಮೊದಲ ಎರಡು ದಶಕಗಳದ್ದು. ಸಿಮನ್ಸ್ ಸಂಸ್ಥೆ 1922ರಲ್ಲಿ ವಿಂಚೆಸ್ಟರ್ ಜತೆ ಕೂಡಿತು, ಆ ಸಂಸಾರ ಹೆಚ್ಚು ದಿನ ಬಾಳಲಿಲ್ಲ, 1940ರಲ್ಲಿ ಅದು ಶಾಪ್ಲೀ ಪಾಲಾಯಿತು. ದಪ್ಪದಪ್ಪ ಕ್ಯಾಟಲಾಗುಗಳಲ್ಲಿ ಕುದುರೆಯ ಲಾಳದಿಂದ ಹಿಡಿದು ಚಾಕು, ಕತ್ತರಿಯವರೆಗಿನ ಚಿತ್ರಗಳ ನಡುವೆ ಕೋವಿಯ ಪುಟಗಳೂ ಸಿಗುತ್ತವೆ. ಹೆಸರು ಯಾವ ವರ್ಷದ ಕ್ಯಾಟಲಾಗಿನಲ್ಲಿ ಮೊದಲು ಕಾಣಿಸಿತು, ಯಾವುದರಿಂದ ಮಾಯವಾಯಿತು ಎಂದು ಗುರುತು ಹಾಕಿಕೊಳ್ಳುತ್ತ ಹೋಗಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೋವಿಗೆ ದೊಡ್ಡ ಬೆಲೆಯೇನೂ ಬರುವುದಿಲ್ಲ; ರಿಪೇರಿಯ ಕೂಲಿಯೇ ಅದಕ್ಕಿಂತ ಹೆಚ್ಚಾದೀತು. ನಿಧಿ ಸಿಕ್ಕಿತೆಂದು ಬಂದವರಿಗೆ ನಿರಾಸೆ ಖಂಡಿತ. ಸಗಟು ಮಳಿಗೆಯ ತನಕ ದಾರಿ ತೋರಿಸುವ ಹೆಸರು, ಕೋವಿಯನ್ನು ಕೊನೆಗೆ ಗಿರಾಕಿಗೆ ಮಾರಿದ ಊರಿನ ಅಂಗಡಿ ಯಾವುದೆಂದು ಹೇಳುವುದೂ ಇಲ್ಲ. ಅದಕ್ಕೆ ಆ ಊರಿನ ಹಳೆಯ ಪತ್ರಿಕೆಗಳ ಜಾಹೀರಾತು ತಿರುವಬೇಕು, ಬೇಟೆಯ ಕಾಲ ಶುರುವಾಗುವ ಮುಂಚಿನ ವಾರಗಳದ್ದನ್ನು. ಒಲೆ, ಬಣ್ಣ, ಗಾಜಿನ ಸಾಲಿನ ಕೆಳಗೆ ಅಂಗಡಿಯವನು ಕೋವಿಯ ಹೆಸರನ್ನೂ ಹಾಕಿಸಿರುವ ಸಂಭವ ಉಂಟು.