ಗೇರ್ ಬಾಕ್ಸಿನ ಎಣ್ಣೆ ಎಲ್ಲಿಂದ ಸೋರುತ್ತದೆ?

ಕಬ್ಬು ನುರಿಸುವ ಕಾಲ ಬಂದಿತೆಂದರೆ ಜಮಖಂಡಿ, ಮುಧೋಳ, ಬೀಳಗಿಗಳ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲಾಗುತ್ತವೆ. ಕೃಷ್ಣೆ ಘಟಪ್ರಭೆಯರ ನೀರುಂಡು ಬೆಳೆದ ಕಬ್ಬನ್ನು ಎರಡೆರಡು ಟ್ರೇಲರುಗಳಲ್ಲಿ ಹೇರಿಕೊಂಡು ಸಮೀರವಾಡಿ, ಸಿದ್ದಾಪುರ, ಬಾಡಗಂಡಿಗಳ ಸಕ್ಕರೆ ಕಾರ್ಖಾನೆಗಳತ್ತ ಹಗಲಿರುಳೆನ್ನದೆ ಸಾಗುವ ಈ ಯಂತ್ರಗಳು ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಕಾದು ನಿಂತಾಗ, ಅವುಗಳ ಅಡಿಯಲ್ಲಿ ಬಿದ್ದಿರುವ ಎಣ್ಣೆಯ ಕಲೆಗಳನ್ನು ಕಂಡವರು ಬಹಳ. ಅವು ಏನನ್ನು ಸೂಚಿಸುತ್ತವೆಂದು ವಿಚಾರಿಸಿದವರು ವಿರಳ. ಎಣ್ಣೆ ಸೋರುತ್ತದೆ, ಮತ್ತಷ್ಟು ಹಾಕಿದರಾಯಿತು ಎಂಬ ಸಮಾಧಾನವೇ ಸಾಮಾನ್ಯವಾಗಿರುವ ನಮ್ಮಲ್ಲಿ, ಸೋರಿಕೆಯ ಮೂಲವನ್ನು ಹುಡುಕುವ ವಿದ್ಯೆಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂದು ನನಗೆ ತೋರುತ್ತದೆ.

ಟ್ರ್ಯಾಕ್ಟರಿನ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟು ತಿರುಗುವ ಒಂದು ಕೋಣೆಯಿದೆ. ಸಾಧಾರಣ ಟ್ರ್ಯಾಕ್ಟರುಗಳಲ್ಲಿ ಇದು ಒಣಗಿಯೇ ಇರಬೇಕಾದ ಸ್ಥಳ. ಆದರೆ ಇದರ ಮುಂದಿನ ಗೋಡೆಯಾಚೆ ಎಂಜಿನ್ ಆಯಿಲ್, ಹಿಂದಿನ ಗೋಡೆಯಾಚೆ ಗೇರ್ ಆಯಿಲ್. ಎರಡು ಗೋಡೆಗಳನ್ನೂ ತೂರಿಕೊಂಡು ಶಾಫ್ಟುಗಳು ತಿರುಗುವುದರಿಂದ, ಆ ಎರಡು ರಂಧ್ರಗಳಲ್ಲಿ ಕುಳಿತಿರುವ ರಬ್ಬರಿನ ಆಯಿಲ್ ಸೀಲುಗಳ ಮೇಲೆಯೇ ಕೋಣೆಯ ಶುಷ್ಕತೆಯೆಲ್ಲ ನಿಂತಿದೆ. ಕೋಣೆಯ ತಳದಲ್ಲಿ ಒಂದು ಚಿಕ್ಕ ತೂತು. ಅನೇಕ ಮಾದರಿಗಳಲ್ಲಿ ಅದರೊಳಗೆ ಒಂದು ಸ್ಪ್ಲಿಟ್ ಪಿನ್ನು ಸಡಿಲವಾಗಿ ತೂಗುತ್ತಿರುತ್ತದೆ. ಬಂಡಿಯ ಅಲುಗಾಟಕ್ಕೆ ತಾನೂ ಅಲುಗುತ್ತ, ಕೆಸರಿನಿಂದ ತೂತು ಮುಚ್ಚಿಹೋಗದಂತೆ ಕಾಯುವುದೇ ಆ ಪಿನ್ನಿನ ಕೆಲಸ. ಸೀಲು ಸೋತಾಗ ಎಣ್ಣೆ ಮೊದಲು ಇಲ್ಲಿಂದ ತೊಟ್ಟಿಕ್ಕುತ್ತದೆ. ಇದನ್ನೇ ದೋಷವೆಂದು ಬಗೆದು ತೂತಿಗೆ ಬೆಣೆ ಬಡಿಯುವವರುಂಟು. ಅದು ದೊಡ್ಡ ಅನರ್ಥಕ್ಕೆ ದಾರಿ: ಹೊರಹೋಗಲಾರದ ಎಣ್ಣೆ ಕೋಣೆಯಲ್ಲಿ ನಿಂತು ಕ್ಲಚ್ ಪ್ಲೇಟನ್ನು ತೋಯಿಸುತ್ತದೆ; ತೋಯ್ದ ಪ್ಲೇಟು ಏರಿನಲ್ಲಿ ಜಾರುತ್ತದೆ, ಜಾರಿದ್ದು ಸುಡುತ್ತದೆ.

ತೊಟ್ಟಿಕ್ಕಿದ ಎಣ್ಣೆಯನ್ನು ಬಿಳಿಯ ಕಾಗದದ ಮೇಲೆ ಹಿಡಿದು ನೋಡಿದರೆ ಅರ್ಧ ಉತ್ತರ ದೊರೆಯುತ್ತದೆ. ಕಪ್ಪಗೆ, ತೆಳ್ಳಗೆ ಇದ್ದರೆ ಅದು ಎಂಜಿನ್ನಿನದು, ಎಂದರೆ ಮುಂದಿನ ಸೀಲಿನ ದೋಷ. ಹೊಂಬಣ್ಣವಾಗಿದ್ದರೆ ಗೇರ್ ಬಾಕ್ಸಿನದು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸು, ಡಿಫರೆನ್ಷಿಯಲ್ಲು, ಹೈಡ್ರಾಲಿಕ್ಕು ಈ ಮೂರಕ್ಕೂ ಒಂದೇ ಎಣ್ಣೆಯಾದ್ದರಿಂದ, ಮುಂದೆ ಸೋರಿದ ಎಣ್ಣೆಯ ಕೊರತೆ ಹಿಂದೆ ನೇಗಿಲನ್ನೆತ್ತುವ ತೋಳಿನ ಆಲಸ್ಯವಾಗಿ ಪ್ರಕಟವಾಗುವುದೂ ಉಂಟು.

ಇದೇ ಬಗೆಯ ಸಮಸ್ಯೆ ಶ್ರೀಮಂತರ ವಿಲಾಸದ ವಾಹನವೊಂದರಲ್ಲಿ ಇನ್ನಷ್ಟು ಜಟಿಲವಾದ ರೂಪವನ್ನು ತಾಳಿತು. ಜರ್ಮನಿಯ ಪೋರ್ಷೆ ಸಂಸ್ಥೆ ತನ್ನ 911 ಎಂಬ ಕ್ರೀಡಾಕಾರಿಗೆ 1967ರಲ್ಲಿ ಸ್ಪೋರ್ಟೊಮ್ಯಾಟಿಕ್ ಎಂಬ ಅರೆಸ್ವಯಂಚಾಲಿತ ಗೇರ್ ವ್ಯವಸ್ಥೆಯನ್ನು ಜೋಡಿಸಿತು. 1980ರವರೆಗೆ ಅದು ಬಳಕೆಯಲ್ಲಿತ್ತು. ಅದರಲ್ಲಿ ಕ್ಲಚ್ ಪೆಡಲ್ಲಿಲ್ಲ. ಚಾಲಕನು ಗೇರಿನ ಹಿಡಿಯನ್ನು ಅಲುಗಿಸಿದೊಡನೆ ಅದರಲ್ಲಡಗಿದ ವಿದ್ಯುತ್ ಸ್ವಿಚ್ಚು ಒಂದು ವ್ಯಾಕ್ಯೂಮ್ ಕವಾಟವನ್ನು ತೆರೆಯುತ್ತದೆ. ಎಂಜಿನ್ನಿನ ಹೀರುವ ಬಲವೇ ಕ್ಲಚ್ಚನ್ನು ಬಿಡಿಸುತ್ತದೆ. ಎಂಜಿನ್ನಿಗೂ ಈ ಕ್ಲಚ್ಚಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ: ಎಣ್ಣೆ ತುಂಬಿದ ಈ ಗುಂಡನೆಯ ಪಾತ್ರೆಯಲ್ಲಿ ಒಂದು ಚಕ್ರ ಎಣ್ಣೆಯನ್ನು ರಭಸದಿಂದ ಚಿಮ್ಮುತ್ತದೆ, ಆ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಆದ್ದರಿಂದ ಗೇರಿನಲ್ಲಿರುವಾಗಲೇ ಬಂಡಿ ನಿಂತರೂ ಎಂಜಿನ್ ಆರುವುದಿಲ್ಲ.

ಈ ಕನ್ವರ್ಟರಿಗೆ ಬೇಕಾದ ಎಣ್ಣೆಯನ್ನು ಎಂಜಿನ್ನಿನ ತೊಟ್ಟಿಯಿಂದಲೇ ಪಡೆಯಲಾಗಿದೆ. ಕ್ಯಾಮ್‌ಶಾಫ್ಟಿನಿಂದ ತಿರುಗುವ ಒಂದು ಚಿಕ್ಕ ಪಂಪು ಅದನ್ನು ಕೊಳವೆಗಳ ಮೂಲಕ ಕನ್ವರ್ಟರಿಗೆ ಕಳುಹಿಸುತ್ತದೆ. ಗೇರುಗಳು ಮುಳುಗಿರುವ ದಪ್ಪ ಎಣ್ಣೆ ಬೇರೆ. ಗಂಧಕದ ತೀಕ್ಷ್ಣ ವಾಸನೆಯಿಂದಲೇ ಅದನ್ನು ಗುರುತಿಸಬಹುದು. ಕೊಳವೆಯೊಂದು ಬಿರಿದರೆ, ಕನ್ವರ್ಟರಿನ ಸೀಲು ಹರಿದರೆ, ನಷ್ಟವಾಗುವುದು ಎಂಜಿನ್ನಿನ ಜೀವರಸ. ತೋಯುವುದು ಪಕ್ಕದಲ್ಲಿರುವ ಒಣ ಕ್ಲಚ್ಚು. ಇಂಥ ಕಾರಿನಡಿಯ ಕಲೆಯನ್ನು ಕಂಡು ಗೇರ್ ಬಾಕ್ಸಿಗೆ ಎಣ್ಣೆ ತುಂಬುತ್ತ ಹೋದವನು ಎಂಜಿನ್ನನ್ನೇ ಬಲಿಗೊಡಬೇಕಾದೀತು.

ಆಯಿಲ್ ಸೀಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಲೋಹದ ಬಳೆಯ ಒಳಅಂಚಿನಲ್ಲಿ ರಬ್ಬರಿನ ತೆಳುವಾದ ತುಟಿ. ಅದರ ಬೆನ್ನಿಗೆ ಕೂದಲಿನಷ್ಟು ಸಣ್ಣ ತಂತಿಯಿಂದ ಸುತ್ತಿದ ಸ್ಪ್ರಿಂಗ್. ಈ ಸ್ಪ್ರಿಂಗ್ ತುಟಿಯನ್ನು ಶಾಫ್ಟಿನ ಮೇಲೆ ಮೆಲ್ಲನೆ ಅಮುಕಿ ಹಿಡಿಯುತ್ತದೆ, ಆದರೂ ತುಟಿಗೂ ಶಾಫ್ಟಿಗೂ ನಡುವೆ ಎಣ್ಣೆಯ ಅತಿಸೂಕ್ಷ್ಮ ಪೊರೆಯೊಂದು ಉಳಿಯಲೇಬೇಕು. ಅದಿಲ್ಲದಿದ್ದರೆ ರಬ್ಬರು ಕ್ಷಣಮಾತ್ರದಲ್ಲಿ ಸುಟ್ಟೀತು. ವರ್ಷಗಟ್ಟಲೆ ನಿಲ್ಲಿಸಿಟ್ಟ ಹಳೆಯ ಕಾರಿನಲ್ಲಿ ಈ ತುಟಿ ಒಣಗಿ ಬಿರುಸಾಗುತ್ತದೆ. ನಮ್ಮ ಎರೆಭೂಮಿಯ ಟ್ರ್ಯಾಕ್ಟರಿನಲ್ಲಿಯೋ ಆಗುವುದೇ ಬೇರೆ: ನುಣ್ಣನೆಯ ಧೂಳು ತುಟಿಗೆ ಅಂಟಿಕೊಂಡು ಸಾಣೆಯ ಕೆಲಸ ಮಾಡುತ್ತದೆ, ಮೆದುವಾದ ರಬ್ಬರು ಗಟ್ಟಿಯಾದ ಉಕ್ಕಿನ ಮೇಲೆ ಗೆರೆ ಕೊರೆಯುತ್ತದೆ. ಬೆರಳಿನ ಉಗುರನ್ನು ಶಾಫ್ಟಿನ ಉದ್ದಕ್ಕೂ ಎಳೆದಾಗ ಆ ಗೆರೆಯಲ್ಲಿ ಉಗುರು ತಡೆದು ನಿಂತರೆ, ಹೊಸ ಸೀಲು ಹಾಕಿಯೂ ಪ್ರಯೋಜನವಿಲ್ಲ. ಅನುಭವಿಯಾದ ಮಿಸ್ತ್ರಿ ಆಗ "ಗೌಡ್ರ, ಸೀಲ್ ಬದ್ಲಿ ಮಾಡಿದ್ರ ಆಗೂದಿಲ್ರಿ, ಶಾಫ್ಟ್ ಸವದೈತಿ" ಎನ್ನುತ್ತಾನೆ. ಆ ಮಾತನ್ನು ಹಣ ಸುಲಿಯುವ ಉಪಾಯವೆಂದು ಶಂಕಿಸಬಾರದು. ಸವೆದ ಜಾಗಕ್ಕೆ ತೆಳುವಾದ ಉಕ್ಕಿನ ಕವಚ ತೊಡಿಸುವುದೋ, ಸೀಲನ್ನು ಕೊಂಚ ಹಿಂದೆಮುಂದೆ ಕೂಡಿಸಿ ತುಟಿಗೆ ಹೊಸ ಜಾಗ ಕೊಡುವುದೋ, ಶಾಫ್ಟನ್ನೇ ಬದಲಿಸುವುದೋ, ಈ ಮೂರೇ ದಾರಿಗಳು.

ಶಾಫ್ಟು ನುಣುಪಾಗಿದ್ದೂ ಸೀಲು ಪದೇ ಪದೇ ಹೋಗುತ್ತಿದ್ದರೆ ಬೇರಿಂಗ್ ಸವೆದು ಶಾಫ್ಟು ಓಲಾಡುತ್ತಿರಬಹುದು. ಇಲ್ಲವೆ ಬ್ರೀದರ್ ಕಟ್ಟಿರಬಹುದು. ಕಾದ ಗೇರ್ ಬಾಕ್ಸಿನೊಳಗಿನ ಗಾಳಿ ಹಿಗ್ಗಿದಾಗ ಹೊರಹೋಗಲೆಂದು ಇಟ್ಟ ಈ ಪುಟ್ಟ ಉಸಿರುಗಂಡಿ ಕಬ್ಬಿನ ರವದಿಯ ಧೂಳಿನಿಂದ ಮುಚ್ಚಿದರೆ, ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕವೇ ಹೊರದೂಡುತ್ತದೆ. ಇಲ್ಲಿ ಬೇಕಾದುದು ಹೊಸ ಸೀಲಲ್ಲ, ಡೀಸೆಲ್ಲಿನಲ್ಲಿ ಅದ್ದಿದ ಒಂದು ಬ್ರಷ್ಷು.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ವಿವೇಕವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಗ್ಗದಿಂದ ಸಿಡಿದ ಒಂದು ಹನಿ ಎಣ್ಣೆ ಸೀರೆಯ ಮೇಲೆ ಬಿದ್ದರೆ ಬೆಲೆ ಇಳಿಯುವುದರಿಂದ, ಎಣ್ಣೆ ಎಲ್ಲಿರಬೇಕು, ಎಲ್ಲಿರಬಾರದು ಎಂಬ ಎಚ್ಚರ ಅವರ ಕಸುಬಿನಲ್ಲಿಯೇ ಬೆರೆತಿದೆ.

ಇನ್ನು ದುರಸ್ತಿಯ ಮಾತು. ಕ್ಲಚ್ ಕೋಣೆಯ ಸೀಲನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು; ಪೋರ್ಷೆಯಲ್ಲಾದರೆ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಕೆಳಗಿಳಿಸಬೇಕು. ಇಷ್ಟು ಶ್ರಮಪಟ್ಟು ಬಿಚ್ಚಿದ ಮೇಲೆ ಕೆಟ್ಟ ಒಂದು ಸೀಲನ್ನಷ್ಟೇ ಬದಲಿಸಿ, ಅದರ ಪಕ್ಕದ ಹಳೆಯದನ್ನು ಉಳಿಸುವುದು ಮಿತವ್ಯಯವಲ್ಲ. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ತುಟಿಗೆ ಎಣ್ಣೆ ಸವರಬೇಕು. ಶಾಫ್ಟಿನ ಹಲ್ಲುಗಳು ತುಟಿಯನ್ನು ಗೀರದಂತೆ ಅವುಗಳ ಮೇಲೆ ತೆಳುವಾದ ಟೇಪು ಸುತ್ತಿ, ಸೀಲನ್ನು ದಾಟಿಸಿದ ಮೇಲೆ ಬಿಚ್ಚಬೇಕು. ಸುತ್ತಿಗೆಯಿಂದ ಒಂದೇ ಬದಿಗೆ ಬಡಿದರೆ ಸೀಲು ಓರೆಯಾಗುವುದರಿಂದ, ಅದರಷ್ಟೇ ಅಗಲದ ಪೈಪಿನ ತುಂಡನ್ನಿಟ್ಟು ಸುತ್ತಲೂ ಸಮನಾಗಿ ಇಳಿಸಬೇಕು. ಈ ಕೆಲಸಕ್ಕೆ ನುರಿಸುವಿಕೆ ಮುಗಿದು ಟ್ರ್ಯಾಕ್ಟರು ಬಿಡುವಾಗಿರುವ ಮಳೆಗಾಲವೇ ಪ್ರಶಸ್ತ. ಕಬ್ಬು ಕಡಿಯುವವರ ತಂಡ ಹೊಲದಲ್ಲಿ ಬಂದು ಕುಳಿತ ಮೇಲೆ ಯಾವ ಮಿಸ್ತ್ರಿಗೂ ಶಾಫ್ಟಿನ ಮೇಲೆ ಉಗುರೆಳೆದು ನೋಡುವಷ್ಟು ವ್ಯವಧಾನವಿರುವುದಿಲ್ಲ.