ಕೇಳದೆ ಹೂಡಿದ ನೊಗ

ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ರಾಸುಗಳ ಹೆಸರಾಂತ ಕೇಂದ್ರ. ಆ ತಳಿಯ ಎತ್ತುಗಳು ಆಂಗ್ಲರ ಫಿರಂಗಿಗಳನ್ನೆಳೆದವು. ನೊಗ ಹೂಡುವಾಗ ಎತ್ತಿನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಮನುಷ್ಯರದನ್ನಾದರೂ ಕೇಳಿದರೆ?

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು; ಅದರೊಡನೆ ಭಾರತವೂ ಸಮರಕ್ಕಿಳಿದಂತಾಯಿತು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ಯುದ್ಧ ಬೇಕೆ, ಬೇಡವೆ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಅದಕ್ಕಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕೆ 50 ಲಕ್ಷ ರೂಪಾಯಿಗಳನ್ನಿತ್ತರು. ಕಡಲು ದಾಟಿದ ಮೈಸೂರು ಅಶ್ವದಳ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದಿತು.

1939ರಲ್ಲಿ ವೈಸರಾಯರು ಜನನಾಯಕರನ್ನು ಕೇಳದೆಯೇ ಮತ್ತೆ ಯುದ್ಧ ಸಾರಿದಾಗ, ಬ್ರಿಟಿಷ್ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು.

ಹೈಫಾದ ವೀರರಿಗೆ ನಮನ ಸಲ್ಲಲೇಬೇಕು. ಆದರೆ ಸವಾರನ ಶೌರ್ಯ, ಅವನನ್ನು ಕಳುಹಿಸಿದವರ ನಿರ್ಧಾರಕ್ಕೆ ಸಮರ್ಥನೆಯಾಗದು.