ಬೋಳಾಗುವ ತಲೆ: ಮದ್ದೆಷ್ಟು, ಮಾತೆಷ್ಟು?

ಶಾಲೆಗಳು ಆರಂಭವಾಗುವ ಜೂನ್ ತಿಂಗಳಲ್ಲಿ ಸೊಲ್ಲಾಪುರದ ನವಿ ಪೇಠಕ್ಕೆ ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದಲೂ ಕುಟುಂಬಗಳು ಬರುತ್ತವೆ. ಮಕ್ಕಳ ಸಮವಸ್ತ್ರ, ಪಾಟಿಚೀಲ, ನೋಟುಪುಸ್ತಕಗಳ ಖರೀದಿ ಮುಗಿದ ಮೇಲೆ ತಂದೆಯಾದವನು ಔಷಧದ ಅಂಗಡಿಯ ಮುಂದೆ ಕ್ಷಣಕಾಲ ತಡೆದು, ಮನೆಯವರಿಗೆ ಹೇಳದೆ ಒಂದು ಕೂದಲೆಣ್ಣೆಯ ಬಾಟಲಿಯನ್ನು ಚೀಲಕ್ಕೆ ಸೇರಿಸಿಕೊಳ್ಳುವುದುಂಟು. ನಲವತ್ತು ದಾಟಿದ ಗಂಡಸಿನ ಈ ಗುಟ್ಟಿನ ಖರ್ಚು ತಿಂಗಳು ತಿಂಗಳೂ ಮುಂದುವರಿಯುತ್ತದೆ. ನೆತ್ತಿ ಮಾತ್ರ ಅಗಲವಾಗುತ್ತಲೇ ಹೋಗುತ್ತದೆ.

ಹಿಂದಿನ ತಲೆಮಾರಿನಲ್ಲಿ ರುಮಾಲು ಅಥವಾ ಬಿಳಿಯ ಗಾಂಧಿ ಟೋಪಿ ಈ ಚಿಂತೆಯನ್ನು ಮರೆಮಾಡುತ್ತಿತ್ತು. ಇಂದು ತಲೆ ಬರಿದಾಗಿದೆ, ಫೋಟೋಗಳು ಹೆಚ್ಚಾಗಿವೆ, ನಗುವವರೂ ಹೆಚ್ಚಾಗಿದ್ದಾರೆ. 2017ರಲ್ಲಿ ತೆರೆಕಂಡ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಚಲನಚಿತ್ರದ ನಾಯಕನು ಮಂಗಳೂರಿನ ಒಬ್ಬ ಕನ್ನಡ ಉಪನ್ಯಾಸಕ; ಬೋಳುತಲೆಯ ಕಾರಣದಿಂದ ಅವನಿಗೆ ಹೆಣ್ಣು ಸಿಗುವುದು ಕಷ್ಟವಾಗುತ್ತದೆ. ಆ ಕಥೆ ಜನರಿಗೆ ಹಿಡಿಸಿದ್ದು ಅದರೊಳಗಿನ ನೋವು ಮನೆಮನೆಯದಾಗಿದ್ದುದರಿಂದ. ನೋವು ನಿಜವಾದದ್ದು, ಆದುದರಿಂದಲೇ ಅದರ ಸುತ್ತ ವ್ಯಾಪಾರವೂ ದೊಡ್ಡದು. ಯಾವ ಮದ್ದಿಗೆ ಆಧಾರವಿದೆ, ಯಾವುದು ಬರಿಯ ಮಾತು ಎಂಬುದನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಕೆಲವೊಮ್ಮೆ ಆರೋಗ್ಯವೂ ಉಳಿಯುತ್ತದೆ.

ಕೂದಲು ಉದುರುವುದೇಕೆ?

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳಷ್ಟು ಕಾಲ ವಿಶ್ರಮಿಸಿ, ಬಳಿಕ ಉದುರಿ ಹೊಸದಕ್ಕೆ ಎಡೆಗೊಡುತ್ತದೆ. ಆದಕಾರಣ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ.

ಗಂಡಸಿನ ದೇಹದಲ್ಲಿರುವ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಒಂದಂಶವನ್ನು ಒಂದು ಕಿಣ್ವವು ಡಿ.ಎಚ್.ಟಿ. ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುತ್ತದೆ. ವಂಶದಿಂದ ಆ ಗುಣ ಬಂದವರಲ್ಲಿ ಹಣೆಯ ಎರಡು ಬದಿಯ ಮತ್ತು ನೆತ್ತಿಯ ಕೂದಲಿನ ಬೇರುಗಳು ಈ ಹಾರ್ಮೋನಿಗೆ ಸೂಕ್ಷ್ಮವಾಗಿರುತ್ತವೆ. ಪ್ರತಿ ಸುತ್ತಿನಲ್ಲಿಯೂ ಬೇರು ಕುಗ್ಗುತ್ತ, ಕೂದಲು ಎಳೆಯಾಗಿ, ಗಿಡ್ಡಾಗಿ, ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾಗುತ್ತದೆ. ತಲೆಯ ಹಿಂಭಾಗದ ಮತ್ತು ಕಿವಿಯ ಮೇಲಿನ ಕೂದಲಿಗೆ ಈ ಸೂಕ್ಷ್ಮತೆ ಇಲ್ಲ; ಅಜ್ಜಂದಿರ ತಲೆಯಲ್ಲಿ ಆ ಪಟ್ಟಿಯೊಂದು ಕೊನೆಯವರೆಗೂ ಉಳಿಯುವುದು ಇದರಿಂದಲೇ.

ಇದು ತಿಳಿದುಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ, ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲವೆಂದೂ, ಅಂತಹವರಿಗೆ ಪುರುಷ ಹಾರ್ಮೋನನ್ನು ಕೊಟ್ಟಾಗ ವಂಶದಲ್ಲಿ ಬೋಳುತಲೆಯಿದ್ದವರ ಕೂದಲು ಉದುರತೊಡಗುತ್ತದೆಂದೂ ತೋರಿಸಿದರು. ಹಾರ್ಮೋನು ಮತ್ತು ವಂಶ ಎರಡೂ ಕೂಡಿದಾಗ ಮಾತ್ರ ತಲೆ ಬೋಳಾಗುತ್ತದೆ ಎಂಬುದು ಇದರ ತಾತ್ಪರ್ಯ. ಆ ವಂಶಗುಣ ತಾಯಿಯ ತಂದೆಯಿಂದಲೇ ಬರುತ್ತದೆಂಬ ನಂಬಿಕೆ ಅರ್ಧಸತ್ಯ. ಒಂದು ಮುಖ್ಯ ಜೀನು ತಾಯಿಯ ಕಡೆಯಿಂದ ಬರುವುದು ನಿಜವಾದರೂ ಉಳಿದ ಅನೇಕ ಜೀನುಗಳು ಎರಡೂ ಮನೆತನಗಳಿಂದ ಬರುತ್ತವೆ.

ಹೀಗಿರುವಾಗ ಟೋಪಿ, ಹೆಲ್ಮೆಟ್ಟು, ಬೋರ್‌ವೆಲ್ಲಿನ ಗಡಸು ನೀರು, ಸೊಲ್ಲಾಪುರದ ಬಿಸಿಲು ಇವುಗಳ ಮೇಲೆ ಹೊರಿಸುವ ಅಪವಾದಕ್ಕೆ ಆಧಾರವಿಲ್ಲ. ಎಣ್ಣೆ ಹಚ್ಚದೆ ಇದ್ದುದರಿಂದ ತಲೆ ಬೋಳಾಯಿತೆಂಬ ಮಾತೂ ಸರಿಯಲ್ಲ.

ಎಲ್ಲ ಉದುರುವಿಕೆಯೂ ಒಂದೇ ಅಲ್ಲ

ವಯಸ್ಸಿನೊಡನೆ ಹಣೆಯಿಂದ ಹಿಂದಕ್ಕೆ ಮೆಲ್ಲಮೆಲ್ಲನೆ ಸರಿಯುವ ಕೂದಲಿಗೂ, ಒಮ್ಮೆಲೇ ಗೊಂಚಲು ಗೊಂಚಲಾಗಿ ಕೈಗೆ ಬರುವ ಕೂದಲಿಗೂ ವ್ಯತ್ಯಾಸವುಂಟು. ಟೈಫಾಯ್ಡ್, ಡೆಂಗಿಯಂತಹ ಜ್ವರ ಬಂದುಹೋದ ಎರಡು ಮೂರು ತಿಂಗಳ ಬಳಿಕ ಕೂದಲು ತಲೆಯ ತುಂಬ ಉದುರಿ, ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಥೈರಾಯ್ಡ್ ದೋಷ, ಕಬ್ಬಿಣಾಂಶದ ಕೊರತೆಗಳಿಂದಲೂ ಉದುರುತ್ತದೆ. ಮರಾಠಿಯಲ್ಲಿ ‘ಚಾಈ’ ಎನ್ನುವ, ಬಿಲ್ಲೆಯಾಕಾರದಲ್ಲಿ ಕೂದಲು ಹೋಗುವ ತೊಂದರೆಯೇ ಬೇರೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಬುಲಢಾಣಾ ಜಿಲ್ಲೆಯ ಶೇಗಾಂವ ತಾಲೂಕಿನ ಹಳ್ಳಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಕೆಲವೇ ದಿನಗಳಲ್ಲಿ ಕೂದಲು ಉದುರಿದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ತಜ್ಞರೂ ಬಂದು ಪರೀಕ್ಷಿಸಬೇಕಾಯಿತು; ಗೋಧಿಯಲ್ಲಿದ್ದ ಸೆಲೆನಿಯಂ ಅಂಶದ ಮೇಲೆ ಸಂಶಯ ವ್ಯಕ್ತವಾಯಿತು. ಅಂತಹ ಹಠಾತ್ ಉದುರುವಿಕೆಗೆ ಬೋಳುತಲೆಯ ಮದ್ದು ಮದ್ದಲ್ಲ. ಆದ್ದರಿಂದ ಅಂಗಡಿಗಿಂತ ಮೊದಲು ಚರ್ಮರೋಗ ತಜ್ಞರನ್ನು ಕಾಣುವುದು ಯೋಗ್ಯ.

ಆಧಾರವುಳ್ಳ ಎರಡು ಮದ್ದುಗಳು

ಹಾರ್ಮೋನಿನಿಂದ ಬರುವ ಬೋಳುತಲೆಗೆ ಬಹುಕಾಲದಿಂದ ಪರೀಕ್ಷೆಗೊಳಪಟ್ಟು ನಿಂತ ಮದ್ದುಗಳು ಮುಖ್ಯವಾಗಿ ಎರಡು.

ಮೊದಲನೆಯದು ಮಿನಾಕ್ಸಿಡಿಲ್. ಮೂಲತಃ ಇದು ರಕ್ತದೊತ್ತಡದ ಗುಳಿಗೆ. ಅದನ್ನು ನುಂಗಿದ ರೋಗಿಗಳ ಮೈಮೇಲೆ ಕೂದಲು ಬೆಳೆಯುವುದನ್ನು ಕಂಡು ತಲೆಗೆ ಹಚ್ಚುವ ದ್ರಾವಣವನ್ನು ಸಿದ್ಧಪಡಿಸಲಾಯಿತು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಗಂಡಸರು ಸಾಮಾನ್ಯವಾಗಿ ಶೇಕಡ 5ರ ದ್ರಾವಣವನ್ನು ಒಣಗಿದ ತಲೆಯ ಚರ್ಮಕ್ಕೆ ದಿನಕ್ಕೆರಡು ಸಲ ಹಚ್ಚುತ್ತಾರೆ. ಮೊದಲ ವಾರಗಳಲ್ಲಿ ಉದುರುವಿಕೆ ಹೆಚ್ಚಿದಂತೆ ಕಾಣುತ್ತದೆ. ಹಳೆಯ ಕೂದಲು ಹೊಸದಕ್ಕೆ ದಾರಿ ಬಿಡುವ ಲಕ್ಷಣವದು. ಇದನ್ನರಿಯದ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ತುರಿಕೆ, ಕೆಲವೊಮ್ಮೆ ತಲೆಸುತ್ತು ಬರಬಹುದು. ಹೃದ್ರೋಗವುಳ್ಳವರು ವೈದ್ಯರನ್ನು ಕೇಳದೆ ಹಚ್ಚಬಾರದು.

ಎರಡನೆಯದು ಫಿನಾಸ್ಟರೈಡ್ ಎಂಬ ಗುಳಿಗೆ. ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಡಿ.ಎಚ್.ಟಿ. ತಯಾರಾಗದ ಗಂಡಸರ ಅಧ್ಯಯನವು 1974ರಲ್ಲಿ ಪ್ರಕಟವಾಯಿತು. ಅವರ ಪ್ರೋಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿದಿತ್ತು, ತಲೆ ಬೋಳಾಗಿರಲಿಲ್ಲ. ಈ ತಿಳಿವಿನಿಂದ ಹುಟ್ಟಿದ ಗುಳಿಗೆಗೆ 1992ರಲ್ಲಿ ಪ್ರೋಸ್ಟೇಟ್ ತೊಂದರೆಗಾಗಿ 5 ಮಿಲಿಗ್ರಾಂ ಪ್ರಮಾಣದಲ್ಲಿ, 1997ರಲ್ಲಿ ಕೂದಲಿಗಾಗಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದರ ಮುಖ್ಯ ಪರೀಕ್ಷೆಗಳು ನಡೆದದ್ದು 18ರಿಂದ 41 ವರ್ಷದವರಲ್ಲಿ. ಇದು ಇರುವ ಕೂದಲನ್ನು ಉಳಿಸುವುದರಲ್ಲಿ ಸಮರ್ಥ. ನುಣ್ಣಗಾದ ತಲೆಯಲ್ಲಿ ಪವಾಡ ಮಾಡುವುದಿಲ್ಲ.

ಈ ಗುಳಿಗೆಯ ಬಗ್ಗೆ ಮನೆಯವರೆಲ್ಲ ತಿಳಿದಿರಬೇಕಾದ ಮಾತುಗಳಿವೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಮತ್ತು ಶಕ್ತಿ ಕುಂದುತ್ತದೆ. ಕೆಲವರಲ್ಲಿ ಮನಸ್ಸು ಖಿನ್ನವಾಗುತ್ತದೆ. ಹಾಗಾದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಗರ್ಭಿಣಿಯರು ಮುರಿದ ಅಥವಾ ಪುಡಿಯಾದ ಗುಳಿಗೆಯನ್ನು ಮುಟ್ಟಬಾರದು. ಗರ್ಭದಲ್ಲಿರುವ ಗಂಡುಶಿಶುವಿನ ಬೆಳವಣಿಗೆಗೆ ಅಪಾಯವುಂಟು. ಇನ್ನು, ಐವತ್ತು ದಾಟಿದವರಿಗೆ ಅತಿ ಮುಖ್ಯವಾದದ್ದೆಂದರೆ, ಪ್ರೋಸ್ಟೇಟ್ ಕ್ಯಾನ್ಸರಿನ ಸುಳಿವು ನೀಡುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಈ ಗುಳಿಗೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕೂದಲಿಗಾಗಿ ಗುಟ್ಟಾಗಿ ಗುಳಿಗೆ ನುಂಗುತ್ತಿರುವವನು ಅದನ್ನು ವೈದ್ಯರಿಗೆ ತಿಳಿಸದಿದ್ದರೆ, ಏರಿದ ಅಂಕಿಯೂ ಸಹಜವೆಂದೇ ಕಾಣಬಹುದು. ನಾಚಿಕೆಯಿಂದ ಬಚ್ಚಿಟ್ಟ ಒಂದು ಮಾತಿಗೆ ಕೂದಲಿಗಿಂತ ಬಹಳ ದೊಡ್ಡ ಬೆಲೆ ತೆರಬೇಕಾದೀತು.

ಎರಡೂ ಮದ್ದುಗಳಿಗೆ ಒಂದೇ ನಿಯಮ: ಬಳಸುವವರೆಗೆ ಮಾತ್ರ ಫಲ. ನಿಲ್ಲಿಸಿದರೆ ಕೆಲವು ತಿಂಗಳುಗಳಿಂದ ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಹೋಗುತ್ತದೆ. ಆದುದರಿಂದ ಬಾಟಲಿಯ ಬೆಲೆಯನ್ನು ನೋಡಿದರೆ ಸಾಲದು. ಅದನ್ನು ಹನ್ನೆರಡರಿಂದ ಗುಣಿಸಿ, ಮತ್ತೆ ಹತ್ತು ವರ್ಷಕ್ಕೆ ಗುಣಿಸಿ ನೋಡಬೇಕು. ಐದನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕವಿದು.

ಕಸಿ ಮತ್ತು ಕಾನೂನು

ಮೂರನೆಯ ಮಾರ್ಗ ಕೂದಲು ಕಸಿ. ಹಿಂದಲೆಯ ಕೂದಲನ್ನು ಬೇರುಸಹಿತ ತೆಗೆದು ಮುಂದಲೆಯಲ್ಲಿ ನೆಟ್ಟರೆ ಅದು ತನ್ನ ಮೂಲಗುಣವನ್ನು ಬಿಡದೆ ಬೆಳೆಯುತ್ತದೆಂಬುದನ್ನು ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೀಚ್ 1959ರಲ್ಲಿ ಪ್ರಕಟಿಸಿದರು. ಹೊಸ ಕೂದಲನ್ನು ಸೃಷ್ಟಿಸುವ ವಿದ್ಯೆ ಇದಲ್ಲ. ಇರುವುದನ್ನೇ ಒಂದೆಡೆಯಿಂದ ಇನ್ನೊಂದೆಡೆಗೆ ಹಂಚುವುದು. ನೆಡದೆ ಉಳಿದ ಕೂದಲು ಉದುರುವುದು ನಿಲ್ಲುವುದಿಲ್ಲವಾದ್ದರಿಂದ ಬಳಿಕವೂ ಮದ್ದು ಬೇಕಾಗಬಹುದು. ಇದು ಶಸ್ತ್ರಚಿಕಿತ್ಸೆ, ಸೌಂದರ್ಯಾಲಯದ ಕೆಲಸವಲ್ಲ. ಶಸ್ತ್ರಚಿಕಿತ್ಸೆಯ ಕ್ರಮಬದ್ಧ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆಗಳನ್ನು ಕೇಳುವುದು ರೋಗಿಯ ಹಕ್ಕು.

ಎಣ್ಣೆಗಳ ವಿಷಯವೇನು? ಗರುಗದ ಸೊಪ್ಪಿನ ಎಣ್ಣೆ, ಮರಾಠಿಯವರ ‘ಮಾಕಾ’ ಎಣ್ಣೆ, ನಮ್ಮ ಮನೆಗಳಲ್ಲಿ ಹಳೆಯದು. ಅದು ತಲೆಗೆ ತಂಪು, ಕೂದಲಿಗೆ ನುಣುಪು; ಹಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಬೋಳಾದ ನೆತ್ತಿಯಲ್ಲಿ ಅದು ಕೂದಲು ಬೆಳೆಸುತ್ತದೆಂಬುದಕ್ಕೆ ದೃಢವಾದ ಪ್ರಮಾಣವಿಲ್ಲ. ಭಾರತದ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಯಾವ ಔಷಧವೂ ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಬೋಳುತಲೆಯ ಹೆಸರೂ ಇದೆ. ಅಂದರೆ, ಬೋಳುತಲೆಯನ್ನು ಖಂಡಿತ ಗುಣಪಡಿಸುತ್ತೇವೆಂಬ ಮಾತೇ ಅದನ್ನು ನಂಬಬಾರದೆಂಬುದಕ್ಕೆ ಮೊದಲ ಗುರುತು.

ಸೊಲ್ಲಾಪುರದವರು ‘ಸಿವಿಲ್’ ಎಂದೇ ಕರೆಯುವ, 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವುಂಟು. ನವಿ ಪೇಠದಲ್ಲಿ ಬಾಟಲಿ ಕೊಳ್ಳುವ ಹಣಕ್ಕಿಂತ ಕಡಿಮೆ ಖರ್ಚಿನಲ್ಲಿ ಅಲ್ಲಿ ಸಲಹೆ ದೊರೆಯುತ್ತದೆ. ಗುಳಿಗೆಯ ಚೀಟಿಗಳು ಕನ್ನಡದಲ್ಲಿ ಇರುವುದಿಲ್ಲವಾದ್ದರಿಂದ ಅದರಲ್ಲಿ ಏನಿದೆಯೆಂದು ವೈದ್ಯರನ್ನು ಬಾಯಿಬಿಟ್ಟು ಕೇಳುವುದು ಅವಶ್ಯಕ.

ಎಲ್ಲವನ್ನೂ ತಿಳಿದ ಮೇಲೆ ಮದ್ದು ತೆಗೆದುಕೊಳ್ಳುವುದು ಒಂದು ನಿರ್ಧಾರ. ಏನನ್ನೂ ಮಾಡದೆ ಬೋಳುತಲೆಯನ್ನು ಒಪ್ಪಿಕೊಳ್ಳುವುದೂ ಅಷ್ಟೇ ಗೌರವದ ನಿರ್ಧಾರ. ತಂದೆಯ ತಲೆಯನ್ನು ನೋಡಿ ಮನೆಯಲ್ಲಿ ನಗೆಯಾಡುವುದು ನಿಂತರೆ, ಚೀಲದ ತಳದಲ್ಲಿ ಬಚ್ಚಿಟ್ಟ ಬಾಟಲಿಯ ಅಗತ್ಯವೂ ಬಹುಮಟ್ಟಿಗೆ ನಿಲ್ಲುತ್ತದೆ.